ಅದೇ ಹೆಸರಿನ ಇನ್ನೊಂದು ಹಡಗು

ಕೆಲವರಿಗೆ ಎಲೆಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಹೆಸರು ಓದುವ ಚಟ. ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು ಅರ್ಧ ಕಪ್ಪು ಚಹಾ ಹಿಡಿದು ನಿಂತೆನೆಂದರೆ, ಅದು ಮುಗಿಯುವಷ್ಟರಲ್ಲಿ ಎದುರಿಗೆ ಹಾದುಹೋದ ಆಟೋ, ಟಂಟಂ, ಲಾರಿ, ಟ್ರ್ಯಾಕ್ಟರುಗಳ ಬೆನ್ನ ಮೇಲೆ ಏನೇನು ಬರೆದಿತ್ತೆಂಬುದನ್ನು ಮನೆಗೆ ಬಂದು ಹೆಂಡತಿಗೆ ಸಾಲಾಗಿ ಒಪ್ಪಿಸಬಲ್ಲೆ. ಅವಳು ಕೇಳಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು. "ಬದನಿಕಾಯಿ ತರ್ರಿ ಅಂದ್ರ ಮರ್ತು ಬರ್ತೀರಿ, ಯಾರದೋ ಟ್ರ್ಯಾಲಿ ಹೆಸರು ಮಾತ್ರ ಬರೋಬ್ಬರಿ ನೆನಪಿರ್ತದ ನಿಮಗ" ಎಂದು ಖಾಲಿ ಚೀಲವನ್ನು ಮೊಳೆಗೆ ನೇತುಹಾಕುತ್ತಾಳೆ. ಅವಳು ಹೇಳುವುದು ಖರೆ. ನಾನು ಮತ್ತೆ ಚೀಲ ತೆಗೆದುಕೊಂಡು ಹೊರಡುತ್ತೇನೆ, ದಾರಿಯಲ್ಲಿ ಇನ್ನೆರಡು ಹೆಸರು ಓದುತ್ತೇನೆ.

ಈ ಚಟ ಅಂಟಿದ್ದು ಹೊಟ್ಟೆಪಾಡಿನಿಂದ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರನೆಂದರೆ ಗಣಿತದವರು ರಜೆ ಹಾಕಿದಾಗ ಹುಡುಗರನ್ನು ಸುಮ್ಮನಿರಿಸುವವನು ಎಂದು ತಿಳಿದಿದ್ದ ಕಾಲ. ಬೇಸಿಗೆ ರಜೆಯಲ್ಲಿ ಬ್ರಷ್ಷು ಡಬ್ಬಿ ಹಿಡಿದು ಹೊರಟರೆ ಹತ್ತಿಕುಣಿಯಿಂದ ಸುರಪುರದವರೆಗೆ ಯಾವ ಊರಿನಲ್ಲೂ ಕೆಲಸಕ್ಕೆ ಬರವಿರಲಿಲ್ಲ. ಅಂಗಡಿಯ ಹೆಸರು, ಶಾಲೆಯ ಹೆಸರು, ಎಲ್ಲಕ್ಕಿಂತ ಹೆಚ್ಚಾಗಿ ಟ್ರ್ಯಾಕ್ಟರ್ ಟ್ರ್ಯಾಲಿಗಳ ಹೆಸರು. ಆಮೇಲೆ ಫ್ಲೆಕ್ಸ್ ಬಂತು, ಸ್ಟಿಕ್ಕರ್ ಬಂತು, ನಾನು ನಿವೃತ್ತನಾದೆ. ಆದರೂ ಟ್ರ್ಯಾಲಿಗೆ ಮಾತ್ರ ಕೈಯಿಂದಲೇ ಬರೆಸಬೇಕೆನ್ನುವ ಹಳೆಯ ಮಂದಿ ನಾಲ್ಕಾರು ಜನ ಉಳಿದಿದ್ದಾರೆ, ಅವರ ಪುಣ್ಯದಿಂದ ನನ್ನ ಬ್ರಷ್ಷು ಇನ್ನೂ ಪೂರ್ತಿ ಒಣಗಿಲ್ಲ.

ಮೊನ್ನೆ ಹತ್ತಿಕುಣಿಯ ಮಲ್ಲಣ್ಣಗೌಡರು ಹೊಸ ಟ್ರ್ಯಾಲಿ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಅದಕ್ಕೂ ಒಂದು ವಾರ ಮುಂಚೆ ಅವರ ಹಳೆಯ ಟ್ರ್ಯಾಲಿ ಬಂದಿತ್ತು. ಅದನ್ನು ಅವರು ಗುರುಮಠಕಲ್ ಕಡೆಯ ಒಬ್ಬರಿಗೆ ಮಾರಿದ್ದರು. ಮಾರಿದ ಟ್ರ್ಯಾಲಿಯನ್ನು ನನ್ನ ಹತ್ತಿರ ಯಾಕೆ ತಂದರೆಂದರೆ ಹೆಸರು ಕೆರೆಸಿಹಾಕಲು. "ಗಾಡಿ ಮಾರೀನ್ರಿ ಮಾಸ್ತರ, ಹೆಸರು ಮಾರಿಲ್ಲ" ಎಂದರು ಗೌಡರು. ನಮ್ಮ ಕಡೆ ಎತ್ತು ಮಾರಿದರೂ ಅದರ ಹಗ್ಗ ಕೊಡುವುದಿಲ್ಲ, ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಇದೂ ಹಾಗೆಯೇ. ಸೀಮೆಎಣ್ಣೆ, ಉಸುಕಿನ ಕಾಗದ ಹಿಡಿದು ಇಡೀ ಬೆಳಿಗ್ಗೆ ನಾನೇ ಬರೆದದ್ದನ್ನು ನಾನೇ ತಿಕ್ಕಿ ತೆಗೆದೆ. ಈಗ ಹೊಸದರ ಮೇಲೆ ಅದೇ ಹೆಸರು ಬರೆಯಬೇಕಿತ್ತು, ಅದೇ ಅಕ್ಷರ, ಅದೇ ಹಳದಿ ಬಣ್ಣ, ಬಲಬದಿಗೆ ಅದೇ ಕಮಲದ ಹೂ. ಸುಣ್ಣದ ದಾರ ಹಿಡಿದು ಗೆರೆ ಹೊಡೆದೆ. ಬ್ರಷ್ಷು ಅದ್ದಿದೆ. ಮೊದಲ ಅಕ್ಷರ ಬರೆಯುವಷ್ಟರಲ್ಲಿ ಕೈ ನಿಂತಿತು. ಗೌಡರಿಗೆ ಬಿಸಿಲು ಜಾಸ್ತಿಯಾಯಿತೆಂದು ಹೇಳಿ ಒಳಗೆ ಹೋಗಿ ಕುಳಿತೆ. ಬಿಸಿಲಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಕೈ ಯಾಕೆ ನಿಂತಿತೆಂದು ಹೇಳಲು ಈಗ ಟ್ರ್ಯಾಲಿಯಿಂದ ನೇರ ಯುದ್ಧನೌಕೆಗೆ ಜಿಗಿಯುತ್ತಿದ್ದೇನೆ, ಗಾಬರಿಯಾಗಬೇಡಿ. ನಮ್ಮ ಜಿಲ್ಲೆಯಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ ದೂರವೇ. ನಾನು ಈ ವಯಸ್ಸಿನವರೆಗೆ ಸಮುದ್ರ ನೋಡಿಲ್ಲ. ನೋಡದೆಯೇ ಶಾಲೆಯ ಗೋಡೆಯ ಮೇಲೆ ಒಂದು ದೊಡ್ಡ ಹಡಗಿನ ಚಿತ್ರ ಬರೆದವನು ನಾನು, ಹೆಡ್‌ಮಾಸ್ತರರು ಅದನ್ನು ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದರು. ನನ್ನ ತಮ್ಮ ಮೌನೇಶ ನೌಕಾಪಡೆ ಸೇರಿ ಮೊದಲ ಸಲ ರಜೆಗೆ ಬಂದಾಗ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತ. "ಹೆಂಗದಲೇ?" ಎಂದೆ. "ಛಲೋ ಅದಣ್ಣಾ. ಎಮ್ಮಿ ಕುಂತದ ಅಂತ ಕೆಳಗ ಬರದುಬಿಡು, ತಕರಾರಿರಂಗಿಲ್ಲ" ಎಂದ.

ಮೌನೇಶ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವ. ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲವೆಂದು ಅವ್ವ ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು, ಅವನು ಹುಟ್ಟಿದಾಗ ದೇವರ ಹೆಸರನ್ನೇ ಇಟ್ಟಳು. ಕರೆಯುತ್ತಿದ್ದದ್ದು ಮಾತ್ರ ಮೌನ್ಯಾ ಎಂದು. ಈಜು ಕಲಿತದ್ದು ಊರಾಚೆಯ ಕಾಲುವೆಯಲ್ಲಿ. ಅಪ್ಪ ತೀರಿಕೊಂಡ ಮರುವರ್ಷ ಯಾದಗಿರಿಯ ರೈಲ್ವೆ ಸ್ಟೇಷನ್ನಿನಲ್ಲಿ ಗೋಡೆಗೆ ಹಚ್ಚಿದ ಜಾಹೀರಾತು ನೋಡಿ, ಯಾರಿಗೂ ಹೇಳದೆ ಹೈದರಾಬಾದಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದ. ಅವ್ವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಎದ್ದು ಅವನಿಗೆ ಶೇಂಗಾ ಹಿಂಡಿ ಕುಟ್ಟಿ ಕಟ್ಟಿಕೊಟ್ಟಳು. ಹಡಗಿನ ಅನ್ನ ಹೇಗಿರುತ್ತದೋ ಎಂಬ ಚಿಂತೆ ಅವಳಿಗೆ ಯುದ್ಧದ ಚಿಂತೆಗಿಂತ ದೊಡ್ಡದಾಗಿತ್ತು.

ರಜೆಗೆ ಬಂದಾಗ ನಾವಿಬ್ಬರೂ ಸಂಜೆ ಕಟ್ಟೆಯ ಮೇಲೆ ಸುಸಲಾ, ಮಿರ್ಚಿ ತಿನ್ನುತ್ತ ಕೂಡುತ್ತಿದ್ದೆವು. ನನ್ನ ಹೆಸರಿನ ಹುಚ್ಚು ಅವನಿಗೆ ಗೊತ್ತಿದ್ದುದರಿಂದ ಬಂದೂಕು ತೋಪುಗಳ ಮಾತು ಬಿಟ್ಟು ಹಡಗಿನ ಹೆಸರುಗಳ ಮಾತನ್ನೇ ಎತ್ತುತ್ತಿದ್ದ. ಒಂದು ಜಾತಿಯ ಹಡಗಿಗೆ ನದಿಗಳ ಹೆಸರಂತೆ, ಒಂದಕ್ಕೆ ಬೆಟ್ಟಗಳದ್ದು, ದೊಡ್ಡದಕ್ಕೆ ಶಹರಗಳದ್ದು, ನೀರೊಳಗೆ ಮುಳುಗಿ ಓಡಾಡುವುದಕ್ಕೆ ಮೀನಿನದ್ದು. ಹಡಗನ್ನು ನೀರಿಗೆ ಬಿಡುವ ದಿನ ಒಬ್ಬ ಹೆಣ್ಣುಮಗಳು ಬಂದು ಅದರ ಮೂತಿಗೆ ಟೆಂಗಿನಕಾಯಿ ಒಡೆದು ಹೆಸರು ಹೇಳುತ್ತಾಳಂತೆ. "ಅಂದ್ರ ಕೂಸಿಗೆ ಹೆಸರಿಡೂ ಸೋದರತ್ತಿ ಇದ್ದಂಗ" ಎಂದೆ. "ಹಂಗಽ. ಆದ್ರ ಆಕಿ ಬೆನ್ನಿಗೆ ಯಾರೂ ಗುದ್ದಂಗಿಲ್ಲ" ಎಂದ. ಬೇರೆ ದೇಶದಿಂದ ಕೊಂಡುತಂದ ಹಡಗಾದರೆ ಅಲ್ಲಿಯ ಹೆಸರು ತೆಗೆದು ನಮ್ಮ ಹೆಸರಿಡುತ್ತಾರಂತೆ. ಅದೂ ನನಗೆ ಹೊಸದೆನಿಸಲಿಲ್ಲ. ನಮ್ಮವ್ವ ತವರಿನಲ್ಲಿ ನಾಗಮ್ಮನಾಗಿದ್ದವಳು, ಮದುವೆಯಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಸಿ ಇಲ್ಲಿ ಅವಳನ್ನು ಗುರಮ್ಮ ಮಾಡಿದರು. ನಾಗಮ್ಮನೆಂದು ಕರೆಯುವವರು ಈಗ ಭೂಮಿಯ ಮೇಲೆ ಯಾರೂ ಉಳಿದಿಲ್ಲ.

ಅವನು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಹಡಗಿಗೆ ವಯಸ್ಸಾದಾಗ ಒಂದು ಸಂಜೆ ಹೊತ್ತು ಮುಳುಗುವ ಸಮಯಕ್ಕೆ ಅದರ ಧ್ವಜ ಇಳಿಸಿ ಕೆಲಸದಿಂದ ಬಿಡಿಸುತ್ತಾರೆ. ಕೆಲವು ವರ್ಷ ಬಿಟ್ಟು ಹೊಸ ಹಡಗು ಕಟ್ಟಿದಾಗ ಆ ಹೆಸರನ್ನು ಇದಕ್ಕೆ ಇಡುತ್ತಾರೆ. ಹಳೆಯದರಲ್ಲಿ ದುಡಿದ ಮುದುಕರು ಕೋಟಿನ ಮೇಲೆ ಪದಕ ಹಚ್ಚಿಕೊಂಡು ಹೊಸದನ್ನು ನೋಡಲು ಬರುತ್ತಾರೆ. ಕೆಲವು ದೇಶಗಳಲ್ಲಿ ಒಂದೇ ಹೆಸರು ನೂರಾರು ವರ್ಷಗಳಿಂದ ಹೀಗೆ ಹಡಗಿನಿಂದ ಹಡಗಿಗೆ ದಾಟುತ್ತ ಬಂದಿದೆಯಂತೆ, ಮುಳುಗಿದ ಹಡಗಿನ ಹೆಸರನ್ನು ಬೇಕೆಂದೇ ಮತ್ತೆ ಇಡುವವರೂ ಇದ್ದಾರಂತೆ. "ನಮ್ಮಲ್ಲಿ ಹಡಗಿಗೆ ಸಾವಿಲ್ಲಣ್ಣಾ" ಎಂದ ಮೌನೇಶ. ಮಿರ್ಚಿಯ ಎಣ್ಣೆ ಅವನ ಗಲ್ಲಕ್ಕೆ ಹತ್ತಿತ್ತು. ನನಗೆ ಆ ಮಾತು ಅಕ್ಕಸಾಲಿಗನಿಗೆ ಬಂಗಾರ ಸಿಕ್ಕಷ್ಟು ಸಂತೋಷ ಕೊಟ್ಟಿತು. ಮರುದಿನ ಶಾಲೆಯಲ್ಲಿ ಹುಡುಗರಿಗೆ ಹೇಳಿದೆ, ಹೆಡ್‌ಮಾಸ್ತರರಿಗೆ ಹೇಳಿದೆ, ಕಟಿಂಗ್ ಅಂಗಡಿಯಲ್ಲಿ ಹೇಳಿದೆ. ನನಗೆ ಇಷ್ಟವಾದುದನ್ನು ಊರಿಗೆಲ್ಲ ಹೇಳಿ ಬೇಸರ ತರಿಸುವುದು ನನ್ನ ಎರಡನೆಯ ಚಟ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಅಜ್ಜ ಹೋದರೆ ಮೊಮ್ಮಗನಿಗೆ ಅಜ್ಜನ ಹೆಸರು. ಅಪ್ಪ ತೀರಿಕೊಂಡ ಮೇಲೆ ಹುಟ್ಟಿದ ನನ್ನ ಮಗನಿಗೆ ಶರಣಪ್ಪನೆಂದು ಅಪ್ಪನ ಹೆಸರನ್ನೇ ಇಟ್ಟೆವು. ಇಟ್ಟಮೇಲೆ ಫಜೀತಿ ಶುರುವಾಯಿತು. ನನ್ನ ಹೆಂಡತಿ ಮಾವನ ಹೆಸರು ಎತ್ತುವಂತಿಲ್ಲ, ಅವ್ವ ಗಂಡನ ಹೆಸರು ಎತ್ತುವಂತಿಲ್ಲ. ಹೆಂಡತಿ ಮಗನನ್ನು "ಮಾವಾರ, ಊಟಕ್ಕ ಏಳ್ರಿ" ಎಂದು ಕರೆದರೆ, ಅವ್ವ ಅವನ ಮಾತೆತ್ತಿದಾಗೆಲ್ಲ ಬಹುವಚನ: "ಇವರು ಇನ್ನಾ ಸಾಲಿಗೆ ಹೋಗಿಲ್ಲ ನೋಡು, ಚಡ್ಡಿ ಹಾಕ್ಕೊಂಡಿಲ್ಲ." ಅವನು ತಪ್ಪು ಮಾಡಿದರೆ ಬೈಯುವುದಕ್ಕೆ ಮನೆಯಲ್ಲಿ ನಾನೊಬ್ಬನೇ ಗತಿ. ನಾನಾದರೂ "ಲೇ ಶರಣ್ಯಾ" ಎಂದು ಕೂಗಿದರೆ ಅವ್ವ ಒಳಗಿನಿಂದ ಕೆಮ್ಮುತ್ತಿದ್ದಳು.

ಈ ಪದ್ಧತಿಗೆ ಒಂದೇ ಕಟ್ಟು. ಬದುಕಿದ್ದವರ ಹೆಸರನ್ನು ಅದೇ ಮನೆತನದ ಕೂಸಿಗೆ ಇಡುವುದಿಲ್ಲ. ಇಟ್ಟರೆ ದೊಡ್ಡವರನ್ನು ಹೋಗೆಂದಂತೆ. ಇದು ಎಲ್ಲರಿಗೂ ಗೊತ್ತಿರುವುದು, ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ.

ಮೌನೇಶನ ಹಡಗಿನ ಹೆಸರು ಭೀಮಾ. ನದಿಗಳ ಹೆಸರಿನ ಹಡಗುಗಳಲ್ಲಿ ಅದೂ ಒಂದು. ಈ ಸುದ್ದಿ ತಿಳಿದ ದಿನ ಅವ್ವನಿಗೆ ಆದ ಸಮಾಧಾನ ನಾನು ನೋಡಿದ್ದೇನೆ. ಯಾದಗಿರಿಗೆ ಹೋಗುವಾಗ ಸೇತುವೆಯ ಮೇಲೆ ಬಸ್ಸು ಬಂತೆಂದರೆ ಕಿಟಕಿಯಿಂದ ಒಂದು ರೂಪಾಯಿಯ ನಾಣ್ಯ ಹೊಳೆಗೆ ಎಸೆದು ಕೈ ಮುಗಿಯುವವಳು ಅವಳು. "ಭೀಮಿ ನಮ್ಮ ಹೊಳಿ. ಮನಿಮಂದಿ ಇದ್ದಂಗ. ಆಕಿ ಮ್ಯಾಲ ಕುಂತಾನಂದ್ರ ನನಗೇನ ಚಿಂತಿಲ್ಲ" ಎಂದಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಬಿಳಿ ಬಟ್ಟೆಯ ಇಬ್ಬರು ಜೀಪಿನಲ್ಲಿ ಬಂದರು. ಓಣಿಯ ಮಕ್ಕಳೆಲ್ಲ ಜೀಪಿನ ಸುತ್ತ ನೆರೆದವು. ಸಮುದ್ರದಲ್ಲಿ ಗಾಳಿ ಎದ್ದಿತ್ತಂತೆ. ಡೆಕ್ಕಿನ ಮೇಲೆ ಏನನ್ನೋ ಬಿಗಿದು ಕಟ್ಟಲು ಹೋದವರಲ್ಲಿ ಇವನೂ ಒಬ್ಬ. ಒಂದು ತೆರೆ ಬಂದು ಹೋಯಿತು. ಹೋದಮೇಲೆ ನೋಡಿದರೆ ಇವನಿರಲಿಲ್ಲ. ಅವರು ಹಿಂದಿಯಲ್ಲಿ ಮೆಲ್ಲಗೆ ಹೇಳುತ್ತಿದ್ದರು, ನಾನು ಕನ್ನಡಕ್ಕೆ ತಿರುಗಿಸಿ ಅವ್ವನಿಗೆ ಹೇಳುತ್ತಿದ್ದೆ. ನನ್ನ ತಮ್ಮ ಹೋದನೆಂಬುದು ನನಗೆ ತಿಳಿದದ್ದೂ, ಅದನ್ನು ನನ್ನ ಬಾಯಿಂದಲೇ ಅವ್ವನಿಗೆ ಹೇಳಿದ್ದೂ ಒಂದೇ ಉಸಿರಿನಲ್ಲಿ. ಕೊನೆಗೆ ಅವರು ಹೇಳಿದ್ದು, ಹಡಗು ಅಲ್ಲಿಯೇ ಇದೆ, ಅವನನ್ನು ಹುಡುಕುತ್ತಿದೆ ಎಂದು. ಆ ದಿನಕ್ಕೆ ಅದು ನಿಜವೇ ಆಗಿತ್ತು. "ಹಡಗ ಹುಡುಕಾಕತ್ತದಂತವ್ವ" ಎಂದೆ. ಅವ್ವ ತಲೆಯಾಡಿಸಿ ಎದ್ದು ಅವರಿಬ್ಬರಿಗೂ ನೀರು ಬೆಲ್ಲ ತಂದುಕೊಟ್ಟಳು.

ಆ ಮಾತೊಂದನ್ನು ಅವಳು ಹಿಡಿದಳು. ಕೆಲವು ದಿನಗಳ ಮೇಲೆ ಹುಡುಕುವುದನ್ನು ನಿಲ್ಲಿಸಿದರೆಂದು ಫೋನು ಬಂತು. ನಾನು ಹೇಳಿದೆ. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. "ಅವ್ರು ನಿಲ್ಲಿಸಿರಬಹುದು. ಹಡಗ ನಿಲ್ಲಸಂಗಿಲ್ಲ" ಎಂದಳು. "ಅವಂಗ ಈಜು ಬರ್ತದ. ಆಕಿ ಹುಡುಕಾಕತ್ತಾಳ. ಇಬ್ರಾಗ ಒಬ್ರು ಇನ್ನೊಬ್ರಿಗೆ ಸಿಗ್ತಾರ." ಸಮುದ್ರ ಎಷ್ಟು ದೊಡ್ಡದೆಂದು ಹೇಳಲು ನಾನೂ ಅದನ್ನು ನೋಡಿದವನಲ್ಲ.

ಮಣ್ಣು ಕೊಡಲು ದೇಹವಿರಲಿಲ್ಲ. ಫೋಟೋ ಇಟ್ಟಾದರೂ ಕರ್ಮ ಮುಗಿಸಿ ಎಂದು ಮಠದ ಅಯ್ಯನವರು ಹೇಳಿದರು. ಅವ್ವ ಫೋಟೋವನ್ನು ಗೋಡೆಯಿಂದ ತೆಗೆದು ತನ್ನ ಟ್ರಂಕಿನಲ್ಲಿ ಬೀಗ ಹಾಕಿಟ್ಟಳು, ಯಾರಾದರೂ ಹಾರ ಹಾಕಿಬಿಟ್ಟಾರೆಂದು. ಶಿರವಾಳದಲ್ಲಿರುವ ನಮ್ಮ ದೊಡ್ಡಪ್ಪನ ಮಗ ತನ್ನ ಗಂಡುಕೂಸಿಗೆ ಮೌನೇಶನೆಂದು ಹೆಸರಿಟ್ಟ ಸುದ್ದಿ ಬಂದಾಗ, ಅವ್ವ ಒಬ್ಬಳೇ ಬಸ್ಸು ಹತ್ತಿ ಹೋದಳು. ಕೂಸಿಗೆ ಬೆಳ್ಳಿಯ ಉಡದಾರ ಕೊಟ್ಟು, ತೊಟ್ಟಿಲಿಗೆ ಕೈ ಮುಗಿದು, ಆಮೇಲೆ ಹೇಳಿದಳಂತೆ: "ನನ್ನ ಮಗ ಇರೂತನಾ ಅವನ ಹೆಸರು ನಮ್ಮ ಮನಿತನದಾಗ ಯಾರಿಗೂ ಇಡಬ್ಯಾಡ್ರಿ. ಬದುಕಿದ್ದವ್ರ ಹೆಸರು ಇಡ್ತಾರೇನು?" ಅವರು ಮರುಮಾತಾಡದೆ ಮಲ್ಲಿಕಾರ್ಜುನನೆಂದು ಬದಲಿಸಿದರು. ಆ ಹುಡುಗ ಈಗ ಯಾದಗಿರಿಯಲ್ಲಿ ಕಾಲೇಜು ಓದುತ್ತಾನೆ. ಊರಲ್ಲಿ ಮೌನೇಶರಿಗೇನು ಕಡಿಮೆಯಿಲ್ಲ, ತಿಂಥಣಿಯ ಸುತ್ತ ಮನೆಗೊಬ್ಬರು ಸಿಗುತ್ತಾರೆ. ಹೊರಗಿನ ಮೌನೇಶರ ಬಗ್ಗೆ ಅವಳದೇನೂ ತಂಟೆಯಿರಲಿಲ್ಲ. ನಮ್ಮ ಮನೆತನದ ಮೌನೇಶ ಮಾತ್ರ ಒಬ್ಬನೇ ಇರಬೇಕಿತ್ತು.

ಹಳೆಯ ಭೀಮಾ ಹಡಗಿನ ಧ್ವಜ ಇಳಿಸಿದ ಸುದ್ದಿಯನ್ನು ನಾನು ಲೈಬ್ರರಿಯಲ್ಲಿ ಪೇಪರಿನ ಒಂದು ಮೂಲೆಯಲ್ಲಿ ಓದಿದೆ. ಮನೆಗೆ ಬಂದು ಅವ್ವನಿಗೂ ಹೇಳಿದೆ, ಹಡಗಿಗೆ ವಯಸ್ಸಾಯಿತಂತೆ, ಕೆಲಸ ಬಿಟ್ಟಿತಂತೆ ಎಂದು. "ವಯಸ್ಸು ಆದ್ರೇನಾತು? ನನಗೂ ಆಗ್ಯದ. ನಾ ಬಿಟ್ಟೀನೇನು?" ಎಂದಳು. ಅಲ್ಲಿಗೆ ಮುಗಿಯಿತು. ಮುಂದೆ ಅದನ್ನು ಯಾವುದೋ ದಂಡೆಗೆ ಎಳೆದು ತಂದು ಕೊಯ್ದು ಗುಜರಿಗೆ ಹಾಕಿದರೆಂಬುದನ್ನೂ ಓದಿದೆ. ಅದನ್ನು ಅವ್ವನಿಗೆ ಹೇಳಲಿಲ್ಲ.

ಹೋದ ವರ್ಷ ನನ್ನ ಮಗ ಶರಣಪ್ಪನಿಗೆ ಗಂಡುಮಗು ಹುಟ್ಟಿತು. ಅವ್ವನಿಗೆ ಮರಿಮೊಮ್ಮಗ. ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರು ಇತ್ತು. ಇಷ್ಟು ವರ್ಷವಾದ ಮೇಲೆ ಇನ್ನೇನು ಎಂದು ನನ್ನ ಹೆಂಡತಿ ಧೈರ್ಯ ಮಾಡಿ, ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಅವ್ವನ ಹತ್ತಿರ ಮಾತು ತೆಗೆದಳು. "ಅತ್ತೀ, ಮೌನೇಶಪ್ಪನ ಹೆಸರು ಇಟ್ರ ಹೆಂಗ್ರಿ?" ಅವ್ವ ತಲೆಯೆತ್ತದೆ "ಬ್ಯಾರೆ ನೋಡ್ರಿ" ಎಂದಳು. ನಾವು ಬೇರೆ ಹೆಸರು ಹುಡುಕತೊಡಗಿದೆವು. ಮಗ ಫೋನಿನಲ್ಲಿ ಹುಡುಕಿ ಹುಡುಕಿ ನಾಲಿಗೆ ಹೊರಳದ ಹೆಸರುಗಳನ್ನು ಓದುತ್ತಿದ್ದ. ಅವ್ವ ಪ್ರತಿಯೊಂದಕ್ಕೂ "ಇದು ಗುಳಗಿ ಹೆಸರಿದ್ದಂಗ ಅದ" ಎನ್ನುತ್ತಿದ್ದಳು.

ಆ ವಾರದಲ್ಲೇ ಅದು ಆದದ್ದು. ನಾನು ಸಂತೆಗೆ ಹೋಗಿದ್ದೆ. ತಿರುಗಿ ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ಹೆಣ್ಣುಮಕ್ಕಳು ನಾಲ್ಕು ಜನ ನಿಂತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಎದುರು ಮನೆಯ ಬಸಮ್ಮಕ್ಕ ಮುಂದೆ ಬಂದು, "ಅಣ್ಣಾರ, ಜಲ್ದಿ ಮನಿಗೆ ಹೋಗ್ರಿ. ಅವ್ವಾರು ಭೀಮಾ ಬಂದದ ಅನ್ನಾಕತ್ತಾರ. ನಾವ್ಯಾರೂ ಏನೂ ಅಂದಿಲ್ರಿ" ಎಂದಳು. ನನಗೆ ತಿಳಿಯಲಿಲ್ಲ. ಮನೆಯ ಮುಂದೆ ಅಂಗಳಕ್ಕೆ ನೀರು ಹೊಡೆದಿತ್ತು. ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಹೊರಸಿನ ಮೇಲೆ ಕುಳಿತಿದ್ದಳು. ಒಳಗೆ ಹೆಂಡತಿ ಒಲೆಯ ಮುಂದೆ ಹೂರಣಕ್ಕೆ ಬೇಳೆ ಇಟ್ಟು ಅಳುತ್ತಿದ್ದಳು. ಹೋಳಿಗೆ ಮಾಡೆಂದು ಅತ್ತೆ ಹೇಳಿದ್ದರು, ಮಾಡುವುದಿಲ್ಲ ಎನ್ನಲು ಅವಳಿಂದ ಆಗಿರಲಿಲ್ಲ.

"ಜಲ್ದಿ ಬಾರೋ ಯಪ್ಪಾ" ಎಂದಳು ಅವ್ವ. "ಟೀವ್ಯಾಗ ಹೇಳ್ಯಾರ. ಇಷ್ಟು ವರ್ಷದ ಮ್ಯಾಲ ಭೀಮಾ ತಿರುಗಿ ಬಂದದಂತ. ನಾನಽ ಕಿವಿಲೇ ಕೇಳೀನಿ. ಯಾವ ಊರಿಗೆ ಬಂದದ ಕೇಳು. ರೈಲು ಯಾದಗಿರಿಲಿಂದನಽ ಸಿಗ್ತದೇನು?"

ಮಗ ನನ್ನ ಕಡೆ ಫೋನು ಚಾಚಿದ. ಅದರಲ್ಲೂ ಅದೇ ಸುದ್ದಿ: ನೌಕಾಪಡೆಗೆ ಮರಳಿದ ಭೀಮಾ. ಹೊಚ್ಚಹೊಸ ಹಡಗು, ಬೂದು ಬಣ್ಣ, ಪಕ್ಕದಲ್ಲಿ ಸಾಲಾಗಿ ನಿಂತ ಬಿಳಿ ಬಟ್ಟೆಯ ಹುಡುಗರು. ಟೀವಿಯವರದೇನೂ ತಪ್ಪಿಲ್ಲ. ಹಾಗೆ ಹೇಳುವುದು ಪದ್ಧತಿ. ಮರಳಿ ಬಂತು, ಮತ್ತೆ ಹುಟ್ಟಿತು ಎಂದೇ ಹೇಳುತ್ತಾರೆ, ಒಂದು ಕಾಲಕ್ಕೆ ನಾನೂ ಅದೇ ಮಾತನ್ನು ಕಟಿಂಗ್ ಅಂಗಡಿಯಲ್ಲಿ ಎಷ್ಟು ಚಂದ ಎಂದು ಹೇಳಿಕೊಂಡು ತಿರುಗಿದವನು.

ನಾನು ಅವ್ವನ ಹತ್ತಿರ ನೆಲದ ಮೇಲೆ ಕುಳಿತೆ. ಚೀಲದಿಂದ ಬದನೆಕಾಯಿ ಉರುಳಿ ಅಂಗಳದಲ್ಲಿ ಬಿದ್ದವು. ಯಾರೂ ಎತ್ತಲಿಲ್ಲ.

"ಅವ್ವಾ, ಇದು ಬ್ಯಾರೆ ಹಡಗ. ಹೊಸಾದು."

"ಭೀಮಾ ಅಂದಾರಲ್ಲೋ."

"ಹೆಸರು ಅದಽ. ಹಡಗ ಬ್ಯಾರೆ."

"ಹಂಗಂದ್ರ? ಮೊದಲಿನ ಭೀಮಾ ಎಲ್ಲದ?"

ಇನ್ನು ಮುಚ್ಚಿಡುವಂತಿರಲಿಲ್ಲ. "ಅದನ್ನ ಒಡದಾರವ್ವ. ಆಗಲೇ ಭಾಳ ವರ್ಷ ಆತು."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಒಡದ ಮ್ಯಾಲ ಇದಕ್ಕ ಆ ಹೆಸರಿಟ್ಟಾರೇನು?"

"ಹ್ಞೂಂ."

"ಅದು ಇರೂತನಾ ಇಡತಿದ್ದಿಲ್ಲೇನು?"

"ಇಡಂಗಿಲ್ಲ. ಒಂದು ಹೋದ ಮ್ಯಾಲನಽ ಇನ್ನೊಂದಕ್ಕ ಇಡ್ತಾರ. ನಮ್ಮ ಮನ್ಯಾಗಿನಂಗಽ."

ನಾನು ಸಮಾಧಾನಕ್ಕೆಂದು ಆ ಕೊನೆಯ ಮಾತು ಸೇರಿಸಿದ್ದು. ಹೇಳಿದ ಮೇಲೆ ಅವ್ವನ ಮುಖ ನೋಡಿದೆ. ಇಷ್ಟು ವರ್ಷ ಬಿಳಿ ಬಟ್ಟೆಯವರು ಹೇಳಿದ್ದನ್ನು, ಅಯ್ಯನವರು ಹೇಳಿದ್ದನ್ನು, ನಾನು ಹತ್ತು ಸಲ ಹೇಳಿದ್ದನ್ನು ಅವಳು ಒಳಗೆ ಬಿಟ್ಟುಕೊಂಡಿರಲಿಲ್ಲ. ಇದು ಅವಳಿಗೆ ಗೊತ್ತಿದ್ದ ಲೆಕ್ಕ, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಂಗಾರ ಈಗ ಅಲ್ಲಿ ಅವನ್ನ ಹುಡುಕವ್ರು ಯಾರೂ ಇಲ್ಲ" ಎಂದಳು.

ಅವಳು ಅಳಲಿಲ್ಲ. ಒಳಗೆ ಹೋಗಿ ಇಳಕಲ್ ಸೀರೆ ಬಿಚ್ಚಿ ಮಡಿಚಿಟ್ಟು ದಿನದ ಸೀರೆ ಉಟ್ಟಳು. ಬೇಯುತ್ತಿದ್ದ ಬೇಳೆಯನ್ನು ಕಂಡು, ಹಾಳು ಮಾಡಬೇಡ, ಸಾರು ಮಾಡೆಂದು ಸೊಸೆಗೆ ಹೇಳಿದಳು. ಆ ಸಂಜೆ ಎಲ್ಲರೂ ಆ ಸಾರು ಉಂಡೆವು. ಅದು ಹೇಗಿತ್ತೆಂದು ನನಗೆ ನೆನಪಿಲ್ಲ. ಮೌನೇಶ ಸತ್ತನೆಂದು ನಾನು ದುಃಖಪಟ್ಟದ್ದು ಹಿಂದೆ, ಆ ಬೇಸಿಗೆಯಲ್ಲಿ. ಆದರೆ ನಮ್ಮ ಮನೆಯಲ್ಲಿ ಅವನು ಸತ್ತದ್ದು ಆ ದಿನ. ಅವ್ವನೊಬ್ಬಳು ನಂಬಿಕೊಂಡಿದ್ದಾಳೆಂದೇ ನಾವೆಲ್ಲ ಒಳಗೊಳಗೆ ಅವನನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲವೆಂಬುದು ನನಗೆ ಆಗ ತಿಳಿಯಿತು. ಅವಳ ಹಟಕ್ಕೆ ನಗುತ್ತಿದ್ದ ನಾನೂ ಅದರ ನೆರಳಿನಲ್ಲೇ ಕುಳಿತಿದ್ದೆ.

ಅದಾದ ಮೇಲಿನ ದಿನಗಳಲ್ಲೂ ಅವ್ವ ಕೂಸಿಗೆ ಎಣ್ಣೆ ಹಚ್ಚುವುದು, ಎರೆಯುವುದು ಒಂದು ದಿನವೂ ತಪ್ಪಿಸಲಿಲ್ಲ. ಒಂದು ಬೆಳಿಗ್ಗೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದವಳು, ಬಾಗಿಲಲ್ಲಿ ನಿಂತ ನನ್ನ ಕಡೆ ನೋಡದೆ, "ಇದಕ್ಕ ಅವನ ಹೆಸರಽ ಇಡ್ರಿ" ಎಂದಳು.

"ಬ್ಯಾಡವ್ವ. ಬಲವಂತೇನಿಲ್ಲ."

"ಬಲವಂತ ಯಾರು ಮಾಡ್ಯಾರ? ಅಷ್ಟು ದೊಡ್ಡ ಹಡಗಿನವ್ರಽ ಇಟ್ಟಾರ. ನಾನೊಬ್ಬಾಕಿ ಯಾಕ ಹಿಡಕೊಂಡು ಕುಂದ್ರಲಿ."

ಹೆಸರಿಡುವ ದಿನ ಸುರಪುರದಿಂದ ನನ್ನ ಮಗಳು ಮಹಾದೇವಿ ಬಂದಳು, ಕೂಸಿನ ಸೋದರತ್ತೆ. ತೊಟ್ಟಿಲಿಗೆ ಹೂ ಕಟ್ಟಿದರು, ಹೆಂಗಸರು ಜೋಗುಳ ಹಾಡಿದರು. ಮಹಾದೇವಿ ಕೂಸಿನ ಕಿವಿಗೆ ಬಾಯಿ ಹಚ್ಚಿ 'ಕುರ್ರ್' ಎಂದು ಹೆಸರು ಹೇಳಿದಳು. ಪದ್ಧತಿಯಂತೆ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದಿದರು. ಬಸಮ್ಮಕ್ಕನ ಗುದ್ದು ಸ್ವಲ್ಪ ಜೋರಾಗಿಯೇ ಬಿತ್ತು, ಎಲ್ಲರೂ ನಕ್ಕರು. ಮಹಾದೇವಿ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಹೇಳಲು ಬರುವುದಿಲ್ಲ. ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ಓಣಿ ತಿರುಗಿಸಿದವನು ಮೌನೇಶ. ಗುಗ್ಗರಿ ಹಂಚಿದೆವು, ಬಂದವರು ಕೂಸಿನ ಕೈಗೆ ದುಡ್ಡಿಟ್ಟು ಅವನ ಹೆಸರು ಹಿಡಿದು ಮುದ್ದಾಡಿದರು. ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಪಿಸುಗುಟ್ಟುತ್ತಿದ್ದ ಹೆಸರನ್ನು ಆ ದಿನ ಎಲ್ಲರೂ ದೊಡ್ಡ ದನಿಯಲ್ಲಿ ಕರೆಯುತ್ತಿದ್ದರು. ನನಗೆ ಎಲ್ಲಾದರೂ ಎದ್ದು ಹೋಗಬೇಕೆನಿಸಿತು.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಕುಳಿತಳು. ಅದು ಎಚ್ಚರವಾಗಿತ್ತು. ಅವಳು ಅದರ ಮುಖವನ್ನೇ ನೋಡುತ್ತಿದ್ದು, ಮೆಲ್ಲಗೆ "ಮೌನ್ಯಾ" ಎಂದು ಕರೆದಳು. ಕೂಸು ಆಕಳಿಸಿತು. ಇನ್ನೊಮ್ಮೆ ಕರೆದಳು, ಈ ಸಲ ಸ್ವಲ್ಪ ಎಳೆದು, ಕಾಲುವೆಯ ಕಡೆ ಹೋದವನನ್ನು ಊಟಕ್ಕೆ ಕರೆಯುತ್ತಿದ್ದ ರಾಗದಲ್ಲಿ. ಕೂಸು ದನಿ ಬಂದ ಕಡೆ ಕಣ್ಣು ಹೊರಳಿಸಿ ಅವಳನ್ನೇ ನೋಡಿತು. ನೋಡಿ ಬಾಯಿ ತೆರೆದು ನಕ್ಕಿತು.

ಅವ್ವ ಅದನ್ನು ಎತ್ತಿ ಮೊಮ್ಮಗನ ಹೆಂಡತಿಯ ಕೈಗೆ ಕೊಟ್ಟಳು. ಆಮೇಲೆ ಬಹಳ ಹೊತ್ತು ಖಾಲಿ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಳು. ನಾನು ಹತ್ತಿರ ಹೋದಾಗ ಹೇಳಿದಳು:

"ಅವ ಹೋದ್ರೂ ಹೆಸರು ನನ್ನ ಹಂತೇಕನಽ ಇತ್ತೋ ಯಪ್ಪಾ. ಕರದ್ರ ಯಾರೂ ಓ ಅಂತಿದ್ದಿಲ್ಲ, ಅದಕ್ಕ ಅವಂದಽ ಅಂತ ಇತ್ತು. ಈಗ ಕರದ್ರ ಈ ಕೂಸು ತಿರುಗಿ ನೋಡ್ತದ. ಇನ್ನ ಅವನ್ನ ನಾ ಏನಂತ ಕರೀಲಿ?"